ಹೊಸ ಬಾಳಿನ ಮನೆ

ಯೆಹೂದ್ಯರ ಧಾರ್ಮಿಕ ಜೀವನದಲ್ಲಿ ಹತ್ತು ಎಂಬ ಸಂಖ್ಯೆಗೆ ವಿಶೇಷವಾದ ಸ್ಥಾನವಿದೆ. ಕ್ರಿ. ಶ. 70ರಲ್ಲಿ ರೋಮನ್ ಸೈನ್ಯವು ಜೆರೂಸಲೇಮಿನ ಮಹಾದೇವಾಲಯವನ್ನು ಕೆಡವಿದ ಮೇಲೆ, ಬಲಿಪೀಠವೂ ಇಲ್ಲದೆ ನೆಲೆಯೂ ಇಲ್ಲದೆ ದೇಶದೇಶಗಳಲ್ಲಿ ಚದುರಿಹೋದ ಆ ಜನ ತಮ್ಮ ಧರ್ಮವನ್ನು ಮುಖ್ಯವಾಗಿ ಎರಡು ಆಧಾರಗಳ ಮೇಲೆ ಉಳಿಸಿಕೊಂಡರು. ಒಂದು, ಚರ್ಮದ ಸುರುಳಿಯ ಮೇಲೆ ಕೈಯಿಂದ ಬರೆದ ತೋರಾ ಗ್ರಂಥ. ಇನ್ನೊಂದು, ಹತ್ತು ಮಂದಿ ವಯಸ್ಕರ ಕೂಟ. ಈ ಕೂಟಕ್ಕೆ ಮಿನ್ಯಾನ್ ಎಂದು ಹೆಸರು. ಹತ್ತು ಜನ ಸೇರಿದರೆ ಬಾಡಿಗೆಯ ಕೋಣೆಯೂ ದೇವಮಂದಿರವೇ. ಒಂಬತ್ತೇ ಮಂದಿಯಿದ್ದರೆ ಎಷ್ಟು ಭವ್ಯವಾದ ಮಂದಿರದಲ್ಲಿಯೂ ಕೆಲವು ಪ್ರಾರ್ಥನೆಗಳನ್ನು ಹೇಳುವಂತಿಲ್ಲ. ಸತ್ತವರ ಸ್ಮರಣೆಗಾಗಿ ಹೇಳುವ ಕದ್ದಿಷ್ ಎಂಬ ಪ್ರಾರ್ಥನೆ ಅಂಥದು. ತಂದೆಯನ್ನು ಕಳೆದುಕೊಂಡವನು ಒಬ್ಬನೇ ಕುಳಿತು ಎಷ್ಟು ಅತ್ತರೂ ಅವನ ಶೋಕ ವಿಧಿಪೂರ್ವಕವಾಗುವುದಿಲ್ಲ. ಒಂಬತ್ತು ಮಂದಿ ಬಂದು ಅವನ ಪಕ್ಕದಲ್ಲಿ ನಿಲ್ಲಬೇಕು.

ಇಂಥ ಧರ್ಮದಲ್ಲಿ ಹತ್ತರೊಳಗೆ ಒಬ್ಬನಾಗಿ ಎಣಿಕೆಗೆ ಬರುವುದೆಂದರೆ ಸಣ್ಣ ವಿಷಯವಲ್ಲ. ಎಣಿಕೆಯಿಂದ ಹೊರಗುಳಿದವನು ದೇವರ ಎದುರಿಗೂ ಒಂಟಿಯಾಗುತ್ತಾನೆ. ಬಹುಕಾಲ ಈ ಎಣಿಕೆಗೆ ಗಂಡಸರು ಮಾತ್ರ ಬರುತ್ತಿದ್ದರು. ಸುಧಾರಣಾ ಪಂಥ ಹೆಂಗಸರನ್ನೂ ಸೇರಿಸಿಕೊಂಡಿತು. ಆದರೆ ಕುಳಿತ ಹತ್ತು ಮಂದಿಯಲ್ಲಿ ತಮ್ಮ ಬದುಕಿನ ನಿಜವನ್ನು ಮುಚ್ಚಿಟ್ಟುಕೊಂಡೇ ಕುಳಿತಿರಬೇಕಾದವರೂ ಇದ್ದರು. ತಮ್ಮಂತೆಯೇ ಗಂಡಾದ ಗಂಡಸನ್ನು, ಹೆಣ್ಣಾದ ಹೆಂಗಸನ್ನು ಪ್ರೀತಿಸಿ ಬಾಳುತ್ತಿದ್ದ ಯೆಹೂದ್ಯರು ಅವರು. ಅಂಥವರು ತಾವೇ ಒಂದು ಪ್ರಾರ್ಥನಾಸಭೆಯನ್ನು ಕಟ್ಟಿಕೊಂಡ ಚರಿತ್ರೆ ಇಂದಿನ ನನ್ನ ವಿಷಯ. ಅದು ನಡೆದದ್ದು ಅಮೆರಿಕದ ಲಾಸ್ ಏಂಜಲಿಸ್ ನಗರದಲ್ಲಿ. ಅದರ ಆರಂಭ 1972ರಲ್ಲಿ.

ಮೊದಲಿಗೆ ಒಂದು ಪದದ ಮಾತು. ನಮ್ಮ ಪತ್ರಿಕೆಗಳು ಇಂಥವರನ್ನು ಬಹುಕಾಲ ‘ಸಲಿಂಗಕಾಮಿಗಳು’ ಎಂದೇ ಕರೆಯುತ್ತ ಬಂದಿವೆ. ಗಂಡು ಹೆಣ್ಣುಗಳ ಸಂಸಾರವನ್ನು ಹೇಳುವಾಗ ನಾವು ಕಾಮವೊಂದನ್ನೇ ಹೆಸರಿಸುವುದಿಲ್ಲ. ಒಲವು, ದಾಂಪತ್ಯ, ಮನೆವಾರ್ತೆ ಎಂದೆಲ್ಲ ಹೇಳುತ್ತೇವೆ. ಇಲ್ಲಿ ಹೇಳುವ ಜನರೂ ಮನೆವಾರ್ತೆಯುಳ್ಳವರು, ಸತ್ತರೆ ಅಳುವವರನ್ನು ಉಳ್ಳವರು. ಆದ್ದರಿಂದ ‘ಸಲಿಂಗಪ್ರೇಮಿಗಳು’ ಎಂಬ ಮಾತನ್ನು ಬಳಸುತ್ತೇನೆ.

ಇವರ ಎದುರಿಗೆ ಇದ್ದ ಅಡ್ಡಿ ಎರಡು ಬಗೆಯದು. ಒಂದು ಶಾಸ್ತ್ರದ್ದು. ತೋರಾದ ಮೂರನೆಯ ಪುಸ್ತಕವಾದ ಲೇವಿಕಾಂಡದಲ್ಲಿ, 18 ಮತ್ತು 20ನೆಯ ಅಧ್ಯಾಯಗಳಲ್ಲಿ, ಗಂಡು ಗಂಡಿನೊಡನೆ ಕೂಡುವುದನ್ನು ನಿಷೇಧಿಸಿದೆ. ಎರಡನೆಯ ಕಡೆ ಅದಕ್ಕೆ ಮರಣದಂಡನೆಯನ್ನೂ ಹೇಳಿದೆ. ಇನ್ನೊಂದು ರಾಜ್ಯದ ಕಾನೂನಿನದು. 1972ರಲ್ಲಿ ಕ್ಯಾಲಿಫೋರ್ನಿಯ ರಾಜ್ಯದಲ್ಲಿ ಇಂಥ ಸಂಬಂಧ ಇನ್ನೂ ಅಪರಾಧವಾಗಿತ್ತು. ಅಲ್ಲಿಯ ಶಾಸನಸಭೆ 1975ರಲ್ಲಿ ತಿದ್ದುಪಡಿ ಮಾಡಿ, ಅದು 1976ರ ಜನವರಿ 1ರಿಂದ ಜಾರಿಗೆ ಬಂತು. ಈ ಕಾನೂನಿನ ಬೇರು ಎಂಟನೆಯ ಹೆನ್ರಿಯ ಕಾಲದ, 1533ರ, ಇಂಗ್ಲಿಷ್ ಶಾಸನದಲ್ಲಿದೆ. ಅದೇ ಬೇರಿನ ಇನ್ನೊಂದು ಚಿಗುರು 1860ರ ಭಾರತೀಯ ದಂಡಸಂಹಿತೆಯ 377ನೆಯ ಕಲಮಾಗಿ ನಮ್ಮಲ್ಲಿಯೂ ಬೆಳೆದು, 2018ರ ಸೆಪ್ಟೆಂಬರ್ 6ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನವರೆಗೆ ವಯಸ್ಕರ ಸಮ್ಮತ ಸಂಬಂಧವನ್ನೂ ಅಪರಾಧವೆನ್ನುತ್ತಿತ್ತು. ವೈದ್ಯರ ಮತವೂ ಆಗ ಇವರಿಗೆ ಅನುಕೂಲವಾಗಿರಲಿಲ್ಲ. ಅಮೆರಿಕದ ಮನೋವೈದ್ಯರ ಸಂಘವು ಸಲಿಂಗಪ್ರೇಮವನ್ನು ರೋಗಗಳ ಪಟ್ಟಿಯಿಂದ ತೆಗೆದುಹಾಕಿದ್ದು 1973ರ ಡಿಸೆಂಬರಿನಲ್ಲಿ. ಹೀಗೆ, ಈ ಸಭೆ ಹುಟ್ಟಿದ ಕಾಲದಲ್ಲಿ ಅದರ ಸದಸ್ಯರು ಶಾಸ್ತ್ರದ ಕಣ್ಣಿನಲ್ಲಿ ಪಾಪಿಗಳು, ಕಾನೂನಿನ ಕಣ್ಣಿನಲ್ಲಿ ಅಪರಾಧಿಗಳು, ವೈದ್ಯರ ಕಣ್ಣಿನಲ್ಲಿ ರೋಗಿಗಳು.

ಇವರಿಗೆ ಮೊದಲು ನೆರಳು ಸಿಕ್ಕಿದ್ದು ಒಂದು ಕ್ರೈಸ್ತ ಮಂದಿರದಲ್ಲಿ. ಟ್ರಾಯ್ ಪೆರಿ ಎಂಬ ಪಾದ್ರಿ, ತಾನು ಸಲಿಂಗಪ್ರೇಮಿಯೆಂಬ ಕಾರಣಕ್ಕಾಗಿ ತನ್ನ ಪಂಥದಿಂದ ಹೊರಬಿದ್ದವನು, 1968ರ ಅಕ್ಟೋಬರಿನಲ್ಲಿ ಲಾಸ್ ಏಂಜಲಿಸ್ ಪ್ರದೇಶದ ತನ್ನ ಮನೆಯಲ್ಲಿಯೇ ಹನ್ನೆರಡು ಮಂದಿಯನ್ನು ಕೂಡಿಸಿಕೊಂಡು ಪ್ರಾರ್ಥನೆ ನಡೆಸಿದ. ಅದೇ ಮುಂದೆ ಮೆಟ್ರೊಪಾಲಿಟನ್ ಕಮ್ಯೂನಿಟಿ ಚರ್ಚ್ ಎಂದು ಹೆಸರಾಯಿತು. ಅಲ್ಲಿಗೆ ಬರುತ್ತಿದ್ದವರಲ್ಲಿ ಯೆಹೂದ್ಯರೂ ಇದ್ದರು. ಬೇರೆಲ್ಲಿಯೂ ಬಾಗಿಲಿಲ್ಲದ್ದರಿಂದ ಬರುತ್ತಿದ್ದರು. 1972ರ ಏಪ್ರಿಲಿನಲ್ಲಿ ಅಲ್ಲಿ ನಡೆದ ಒಂದು ಸಂವಾದಕೂಟದಲ್ಲಿ ಯೆಹೂದ್ಯರು ನಾಲ್ವರು ಸೇರಿದ್ದರು. ಮಾತಿನ ನಡುವೆ, ನಮಗೂ ನಮ್ಮದೇ ಆದ ಒಂದು ಮಂದಿರವೇಕಿರಬಾರದು ಎಂಬ ಯೋಚನೆ ಹುಟ್ಟಿತು. ಆ ಪಾದ್ರಿ ಅದನ್ನು ಪ್ರೋತ್ಸಾಹಿಸಿದ. ತನ್ನ ಮಂದಿ ಕಡಿಮೆಯಾದಾರು ಎಂದು ಅವನು ಲೆಕ್ಕ ಹಾಕಲಿಲ್ಲ. ಸುಧಾರಣಾ ಪಂಥದ ಸಭೆಗಳ ಒಕ್ಕೂಟಕ್ಕೆ ಆ ಪ್ರಾಂತದಲ್ಲಿ ನಿರ್ದೇಶಕನಾಗಿದ್ದ ರಬ್ಬಿ ಎರ್ವಿನ್ ಹರ್ಮನ್ ಕೂಡ ನೆರವಿಗೆ ಬಂದ. ರಬ್ಬಿ ಎಂದರೆ ಯೆಹೂದ್ಯರ ಧರ್ಮಗುರು. ಅದೇ ವರ್ಷದ ಜೂನ್ ತಿಂಗಳಿನಲ್ಲಿ ಸ್ಯಾಲಿ ಪ್ರೀಸ್ಯಾಂಡ್ ಎಂಬಾಕೆ ಅಮೆರಿಕದಲ್ಲಿ ದೀಕ್ಷೆ ಪಡೆದ ಮೊದಲ ಮಹಿಳಾ ರಬ್ಬಿಯಾದಳು ಎಂಬುದನ್ನು ಇಲ್ಲಿ ನೆನೆಯಬಹುದು. ಹತ್ತರ ಎಣಿಕೆ ಅಗಲವಾಗುತ್ತಿದ್ದ ಕಾಲವದು.

ಮೊದಲು ಅವರು ತಮ್ಮ ಸಭೆಯನ್ನು ಮೆಟ್ರೊಪಾಲಿಟನ್ ಕಮ್ಯೂನಿಟಿ ಟೆಂಪಲ್ ಎಂದು ಕರೆದುಕೊಂಡರು. ಆಶ್ರಯ ಕೊಟ್ಟ ಮನೆಯ ಹೆಸರನ್ನೇ ಸ್ವಲ್ಪ ಬದಲಿಸಿಕೊಂಡಂತೆ. 1973ರ ಆರಂಭದಲ್ಲಿ ಸ್ವಂತ ಹೆಸರೊಂದನ್ನು ಇಟ್ಟುಕೊಂಡರು: ‘ಬೇತ್ ಹಾಯಿಮ್ ಹದಾಶಿಮ್’. ಹೀಬ್ರೂ ಭಾಷೆಯಲ್ಲಿ ಇದಕ್ಕೆ ‘ಹೊಸ ಬಾಳಿನ ಮನೆ’ ಎಂದು ಅರ್ಥ. ಭಾಷೆಯಲ್ಲಿ ಆಸಕ್ತಿಯುಳ್ಳವರಿಗೆ ಈ ಹೆಸರಿನಲ್ಲಿ ಇನ್ನೊಂದು ಸ್ವಾರಸ್ಯ ಕಾಣುತ್ತದೆ. ನಾವು ದೀಪ ಆರಿಸು ಎನ್ನದೆ ದೀಪ ಶಾಂತ ಮಾಡು ಎನ್ನುವಂತೆ, ಹೀಬ್ರೂ ಭಾಷೆಯವರು ಸ್ಮಶಾನವನ್ನು ಸ್ಮಶಾನವೆನ್ನಲು ಅಳುಕಿ, ‘ಬೇತ್ ಹಾಯಿಮ್’, ಬಾಳಿನ ಮನೆ, ಎಂದು ಮಂಗಳವಾಗಿ ಹೇಳುವ ರೂಢಿಯಿದೆ. ಆ ಮಾತಿನ ಮುಂದೆ ‘ಹೊಸ’ ಎಂಬ ವಿಶೇಷಣವನ್ನು ಸೇರಿಸಿದ ಆ ಕೆಲವು ಮಂದಿಗೆ, ಹತ್ತು ವರ್ಷಗಳೊಳಗಾಗಿ ತಮ್ಮ ಮನೆಗೆ ಯಾವ ಕಾಲ ಬರಲಿದೆಯೆಂದು ತಿಳಿದಿರಲು ಸಾಧ್ಯವಿರಲಿಲ್ಲ.

ಮೊದಲ ಪೆಟ್ಟು ಬೇಗನೆ ಬಿತ್ತು. 1973ರ ಜನವರಿ 27ರಂದು ಅವರು ಕೂಡುತ್ತಿದ್ದ ಆ ಕ್ರೈಸ್ತ ಮಂದಿರ ಬೆಂಕಿಗೆ ಆಹುತಿಯಾಯಿತು. ಅದೇ ವರ್ಷದ ಜೂನ್ 24ರಂದು ದೂರದ ನ್ಯೂ ಆರ್ಲಿಯನ್ಸ್ ನಗರದಲ್ಲಿ ಸಲಿಂಗಪ್ರೇಮಿಗಳು ಸೇರುತ್ತಿದ್ದ ಪಾನಗೃಹವೊಂದಕ್ಕೆ ಯಾರೋ ಬೆಂಕಿಯಿಟ್ಟು 32 ಮಂದಿ ಸತ್ತರು. ಅವರಲ್ಲಿ ಪೆರಿಯ ಪಂಥಕ್ಕೆ ಸೇರಿದವರೂ ಇದ್ದರು. ಇಂಥ ದಿನಗಳಲ್ಲಿ ಹೆಸರು ಹೇಳಿಕೊಂಡು ಒಂದು ಮಂದಿರಕ್ಕೆ ಸದಸ್ಯರಾಗುವುದೆಂದರೆ ಉದ್ಯೋಗ, ಬಾಡಿಗೆಯ ಮನೆ, ಕೆಲವೊಮ್ಮೆ ಪ್ರಾಣ, ಎಲ್ಲವನ್ನೂ ಪಣಕ್ಕೆ ಒಡ್ಡುವುದಾಗಿತ್ತು.

ಮನೆ ಸುಟ್ಟ ಅದೇ ವರ್ಷ ಸಭೆಗೆ ಒಂದು ಗ್ರಂಥ ಬಂದು ಸೇರಿತು. ಈ ಗ್ರಂಥದ ಕಥೆಯನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು. ಇಂದಿನ ಚೆಕ್ ದೇಶಕ್ಕೆ ಸೇರಿದ ಬೊಹೀಮಿಯ ಮತ್ತು ಮೊರೇವಿಯ ಪ್ರಾಂತಗಳಲ್ಲಿ ಎರಡನೆಯ ಮಹಾಯುದ್ಧಕ್ಕೆ ಮುಂಚೆ ಊರೂರಿನಲ್ಲಿಯೂ ಯೆಹೂದ್ಯರ ಮಂದಿರಗಳಿದ್ದವು. ನಾಜಿಗಳ ಆಳ್ವಿಕೆಯಲ್ಲಿ ಆ ಊರುಗಳ ಜನರನ್ನು ಸೆರೆಶಿಬಿರಗಳಿಗೆ ಸಾಗಿಸಲಾಯಿತು. ಮಂದಿರಗಳ ಗ್ರಂಥಗಳೂ ಪೂಜಾಸಾಮಗ್ರಿಗಳೂ ಪ್ರಾಗ್ ನಗರದ ಯೆಹೂದ್ಯ ವಸ್ತುಸಂಗ್ರಹಾಲಯಕ್ಕೆ ಬಂದು ಬಿದ್ದವು. ಯುದ್ಧ ಮುಗಿದ ಮೇಲೆ ಗ್ರಂಥಗಳು ಉಳಿದಿದ್ದವು, ಓದುವವರು ಉಳಿದಿರಲಿಲ್ಲ. ಕೊನೆಗೆ 1964ರಲ್ಲಿ ಅಂಥ 1,564 ತೋರಾ ಸುರುಳಿಗಳು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಮಂದಿರಕ್ಕೆ ಬಂದವು. ಡೇವಿಡ್ ಬ್ರಾಂಡ್ ಎಂಬ ಲಿಪಿಕಾರ ವರ್ಷಾನುಗಟ್ಟಲೆ ಕುಳಿತು ಅವುಗಳ ಜೀರ್ಣೋದ್ಧಾರ ಮಾಡಿದ. ತೋರಾದಲ್ಲಿ ಮೂರು ಲಕ್ಷಕ್ಕೂ ಮಿಕ್ಕಿ ಅಕ್ಷರಗಳಿವೆ. ಒಂದು ಅಕ್ಷರ ಅಳಿಸಿಹೋದರೂ ತಿದ್ದುವವರೆಗೆ ಆ ಗ್ರಂಥವನ್ನು ಮಂದಿರದಲ್ಲಿ ಓದುವಂತಿಲ್ಲ. ತಿದ್ದಿ ಸಿದ್ಧವಾದ ಗ್ರಂಥಗಳನ್ನು ಮಾರದೆ, ಬೇಕೆಂದು ಕೇಳಿದ ಸಭೆಗಳಿಗೆ ನಂಬಿಕೆಯ ಮೇಲೆ ಎರವಲಾಗಿ ಕೊಡುತ್ತ ಬಂದರು.

ಲಾಸ್ ಏಂಜಲಿಸಿನ ಸಭೆಗೆ 1973ರಲ್ಲಿ ಹೀಗೆ ಬಂದ ಗ್ರಂಥ ಖೊತ್ಯೆಬೋರ್ಶ್ ಎಂಬ ಚಿಕ್ಕ ಊರಿನದು. ಅದರ ಒಡೆಯರಾಗಿದ್ದ ಜನ ಯೆಹೂದ್ಯರೆಂಬ ಒಂದೇ ಕಾರಣಕ್ಕಾಗಿ ನಾಶವಾದವರು. ಅದೇ ನಾಜಿಗಳು ಸಲಿಂಗಪ್ರೇಮಿಗಳಾದ ಸಾವಿರಾರು ಗಂಡಸರನ್ನೂ ಸೆರೆಶಿಬಿರಗಳಿಗೆ ತಳ್ಳಿ, ಅಂಗಿಯ ಮೇಲೆ ಗುಲಾಬಿ ಬಣ್ಣದ ತ್ರಿಕೋಣವನ್ನು ಹೊಲಿಸಿದ್ದರು. ಯುದ್ಧಾನಂತರವೂ ಇವರಿಗೆ ಬಿಡುಗಡೆಯ ಗೌರವ ದೊರೆಯಲಿಲ್ಲ. ಅವರನ್ನು ಶಿಕ್ಷಿಸಿದ್ದ ಜರ್ಮನಿಯ 175ನೆಯ ಕಲಮು ಪೂರ್ತಿಯಾಗಿ ರದ್ದಾದದ್ದು 1994ರಲ್ಲಿ. ಎರಡು ಬಗೆಯಲ್ಲಿ ಬೇಟೆಗೆ ಗುರಿಯಾದ ಜನರ ಕೈಗೆ ಸತ್ತ ಊರೊಂದರ ಗ್ರಂಥ ಬಂದು, ಅದು ಮತ್ತೆ ಓದಿಗೆ ಬಂತು. ಅವರು ಹೊಸ ಧರ್ಮವೊಂದನ್ನು ಹುಟ್ಟುಹಾಕಬಹುದಾಗಿತ್ತು, ಧರ್ಮವನ್ನೇ ತೊರೆಯಲೂಬಹುದಾಗಿತ್ತು. ಹಾಗೆ ಮಾಡಲಿಲ್ಲ. ತಮ್ಮನ್ನು ನಿಷೇಧಿಸುವ ಎರಡು ವಾಕ್ಯಗಳೂ ಆ ಸುರುಳಿಯೊಳಗೆ ಇವೆಯೆಂದು ತಿಳಿದೂ ಅದನ್ನು ಎತ್ತಿಕೊಂಡರು.

ಮುಂದಿನ ಪ್ರಶ್ನೆ ಮನ್ನಣೆಯದು. 1873ರಷ್ಟು ಹಳೆಯದಾದ ಸುಧಾರಣಾ ಪಂಥದ ಒಕ್ಕೂಟಕ್ಕೆ ಈ ಸಭೆ ಸದಸ್ಯತ್ವ ಬೇಡಿತು. ದೊಡ್ಡ ಚರ್ಚೆ ನಡೆಯಿತು. ಆ ಪಂಥದಲ್ಲಿ ಶಾಸ್ತ್ರನಿರ್ಣಯಕ್ಕೆ ಬಹಳ ಪ್ರಮಾಣವೆನಿಸಿದ್ದ ಪಿಟ್ಸ್‌ಬರ್ಗಿನ ವೃದ್ಧ ವಿದ್ವಾಂಸ ರಬ್ಬಿ ಸಾಲಮನ್ ಫ್ರೀಹಾಫ್ 1973ರಲ್ಲಿ ತನ್ನ ಅಭಿಪ್ರಾಯ ಬರೆದ. ಅದರ ಸಾರ ಹೀಗೆ: ಪರಂಪರೆಯ ದೃಷ್ಟಿಯಲ್ಲಿ ಈ ಆಚರಣೆ ಪಾಪವೇ. ಆದರೆ ಪಾಪಿಯನ್ನು ಮಂದಿರದಿಂದ ಹೊರಗೆ ಹಾಕುವುದು ಪರಂಪರೆಯಲ್ಲ. ಪ್ರಾಯಶ್ಚಿತ್ತದ ರಾತ್ರಿ ಎಲ್ಲರೂ ತಪ್ಪಿತಸ್ಥರ ಜೊತೆಯಲ್ಲಿಯೇ ನಿಂತು ಪ್ರಾರ್ಥಿಸುತ್ತಾರೆ. ಆದ್ದರಿಂದ ಅವರು ಇರುವ ಮಂದಿರಗಳಿಗೇ ಬರಲಿ. ಅವರದೇ ಆದ ಪ್ರತ್ಯೇಕ ಸಭೆ ಸಲ್ಲದು.

ಈ ವಾದವನ್ನು ಹಗುರವಾಗಿ ಕಾಣಬಾರದು. ಅದರಲ್ಲಿ ಒಂದು ಔದಾರ್ಯವಿದೆ, ಸಮಾಜ ಒಡೆಯಬಾರದೆಂಬ ಕಳಕಳಿಯಿದೆ. ಆದರೆ ಬರುವವನು ಯಾವ ರೂಪದಲ್ಲಿ ಬರಬೇಕು ಎಂಬುದಕ್ಕೆ ಅದರಲ್ಲಿ ಒಂದೇ ಉತ್ತರವಿದೆ: ಪಾಪಿಯಾಗಿ. ಇಪ್ಪತ್ತು ವರ್ಷ ಜೊತೆಗೆ ಬಾಳಿದ ಸಂಗಾತಿ ಪಕ್ಕದಲ್ಲಿ ಕುಳಿತಿರುವಾಗ ಅವನನ್ನು ಗೆಳೆಯನೆಂದು ಪರಿಚಯಿಸಿ, ಅವನು ಸತ್ತಾಗ ಬಂಧುಗಳ ಸಾಲಿನಲ್ಲಿ ನಿಲ್ಲದೆ ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳುವ ಷರತ್ತಿನ ಸ್ವಾಗತವದು. ಹೊಸ ಸಭೆಯವರು ಬೇಡಿದ್ದು ಕ್ಷಮೆಯಲ್ಲ, ಎಣಿಕೆ. 1974ರಲ್ಲಿ ಒಕ್ಕೂಟವು ಚರ್ಚೆಯೆಲ್ಲ ಮುಗಿಸಿ ಅವರನ್ನು ಸದಸ್ಯರಾಗಿ ಅಂಗೀಕರಿಸಿತು. ಸಲಿಂಗಪ್ರೇಮಿಗಳ ಪ್ರಾರ್ಥನಾಸಭೆಯೊಂದನ್ನು ರಾಷ್ಟ್ರವ್ಯಾಪಿಯಾದ ಯೆಹೂದ್ಯ ಸಂಸ್ಥೆ ತನ್ನದೆಂದು ಒಪ್ಪಿಕೊಂಡದ್ದು ಅದೇ ಮೊದಲು. 1977ರಲ್ಲಿ ಸಭೆಯವರು ಪಿಕೊ ಬುಲೆವಾರ್ಡ್ ಎಂಬ ಹೆದ್ದಾರಿಯ ಬದಿಯಲ್ಲಿ ಸ್ವಂತ ಕಟ್ಟಡವನ್ನು ಕೊಂಡರು.

ಅಷ್ಟರಲ್ಲಿ ಇತರ ನಗರಗಳಲ್ಲಿಯೂ ಇಂಥ ಸಭೆಗಳು ತಲೆಯೆತ್ತಿದ್ದವು. ನ್ಯೂಯಾರ್ಕಿನಲ್ಲಿ 1973, ವಾಷಿಂಗ್ಟನ್ನಿನಲ್ಲಿ 1975, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 1977. ವಾಷಿಂಗ್ಟನ್ನಿನ ಸಭೆಯ ಹೆಸರಿಗೆ ಕುಟುಂಬದ ಮನೆ ಎಂದೂ ಸ್ಯಾನ್ ಫ್ರಾನ್ಸಿಸ್ಕೊದ್ದಕ್ಕೆ ಹೊನ್ನಿನ ಬಾಗಿಲು ಎಂದೂ ಫಿಲಡೆಲ್ಫಿಯದಲ್ಲಿ ಎದ್ದ ಸಭೆಯ ಹೆಸರಿಗೆ ಒಲವಿನ ಮನೆ ಎಂದೂ ಅರ್ಥ. ಮನೆ, ಬಾಗಿಲು, ಕುಟುಂಬ, ಒಲವು: ಯಾವುದು ತಮಗಿಲ್ಲವೆಂದು ಲೋಕ ಹೇಳಿತ್ತೋ ಅವೇ ಪದಗಳನ್ನು ಇವರು ಆರಿಸಿಕೊಂಡರು.

ಲಾಸ್ ಏಂಜಲಿಸಿನ ಸಭೆಯಲ್ಲಿ ಗಂಡಸರೂ ಹೆಂಗಸರೂ ಇದ್ದುದರಿಂದ ಪ್ರಾರ್ಥನೆಯ ಭಾಷೆಯ ಪ್ರಶ್ನೆ ಬೇಗನೆ ಎದ್ದಿತು. ನಾವು ದೇವರನ್ನು ‘ನೀನು’ ಎಂದು ಕರೆದರೆ ಆ ಮಾತಿಗೆ ಲಿಂಗವಿಲ್ಲ. ಹೀಬ್ರೂ ಭಾಷೆಯಲ್ಲಿ ‘ನೀನು’ ಎಂಬುದಕ್ಕೂ ಪುಲ್ಲಿಂಗ ಸ್ತ್ರೀಲಿಂಗಗಳಿವೆ. ಇಂಗ್ಲಿಷ್ ಅನುವಾದದಲ್ಲಂತೂ ದೇವರು ಒಡೆಯ, ಅರಸ, ತಂದೆ. ಭಕ್ತರೆಲ್ಲ ಪಿತೃಗಳ ಸಂತಾನ. ತಾವೇ ಎಣಿಕೆಯ ಹೊರಗಿನಿಂದ ಬಂದವರಿಗೆ ಇನ್ನೊಬ್ಬರನ್ನು ಹೊರಗಿಡುವ ಮಾತು ಚುಚ್ಚದಿರುತ್ತದೆಯೆ? 1970ರ ದಶಕದಲ್ಲಿಯೇ ಅವರು ಪ್ರಾರ್ಥನೆಗಳನ್ನು ಹೆಣ್ಣುಗಂಡುಗಳಿಬ್ಬರಿಗೂ ಸಲ್ಲುವ ಭಾಷೆಗೆ ತಿದ್ದಿಕೊಂಡರು. ಒಂದು ಪೀಳಿಗೆ ಕಳೆದು 2007ರಲ್ಲಿ ಪ್ರಕಟವಾದ ಇಡೀ ಪಂಥದ ಪ್ರಾರ್ಥನಾಗ್ರಂಥದಲ್ಲಿ ಈ ಬಗೆಯ ಭಾಷೆಯೇ ಇದೆ.

ಇನ್ನು ಆ ಮನೆಯ ಅತ್ಯಂತ ಕಠಿಣ ಕಾಲ. 1981ರ ಜೂನ್ 5ರಂದು ಅಮೆರಿಕದ ಸರ್ಕಾರಿ ರೋಗನಿಯಂತ್ರಣ ಸಂಸ್ಥೆಯ ಸಾಪ್ತಾಹಿಕ ವರದಿಯಲ್ಲಿ ಐವರು ತರುಣರ ವಿಚಿತ್ರ ಕಾಯಿಲೆಯ ಸುದ್ದಿ ಪ್ರಕಟವಾಯಿತು. ಐವರೂ ಲಾಸ್ ಏಂಜಲಿಸಿನವರು, ಐವರೂ ಸಲಿಂಗಪ್ರೇಮಿಗಳು. ಏಡ್ಸ್ ಎಂದು ಮುಂದೆ ಹೆಸರಾದ ರೋಗದ ಮೊದಲ ದಾಖಲೆಯದು. 1996ರ ಸುಮಾರಿಗೆ ಸಮರ್ಥವಾದ ಔಷಧ ಬರುವವರೆಗೆ ಅದು ಹೆಚ್ಚುಕಡಿಮೆ ಮರಣಶಾಸನವೇ ಆಗಿತ್ತು. ಅನೇಕ ಕುಟುಂಬಗಳು ರೋಗದ ಹೆಸರನ್ನು ಬಾಯಿಬಿಟ್ಟು ಹೇಳಲಿಲ್ಲ. ಕೆಲವರು ಮಗನ ಸಂಗಾತಿಯನ್ನು ಶವಸಂಸ್ಕಾರಕ್ಕೂ ಸೇರಿಸಲಿಲ್ಲ.

1983ರಲ್ಲಿ ಈ ಸಭೆಗೆ ಮೊದಲ ದೀಕ್ಷಾಬದ್ಧ ರಬ್ಬಿಯಾಗಿ ಬಂದ ಜಾನೆಟ್ ಮಾರ್ಡರ್ ತರುಣಿ, ಸ್ವತಃ ಸಲಿಂಗಪ್ರೇಮಿಯಲ್ಲ. 1988ರವರೆಗೆ ಆಕೆ ಅಲ್ಲಿದ್ದಳು. ಕಲಿಸಲು ಬಂದವಳಿಗೆ ರೋಗಿಗಳ ಹಾಸಿಗೆಯ ಪಕ್ಕದಲ್ಲಿ ಕುಳಿತುಕೊಳ್ಳುವುದೇ ಒಂದು ದೊಡ್ಡ ಕೆಲಸವಾಯಿತು. ಅಲ್ಲಿಯ ಬದುಕನ್ನು ಕಂಡ ಮೇಲೆ, ಶಾಸ್ತ್ರದ ಆ ಖಂಡನೆ ಭಯವೂ ಮಿತಿಯೂ ಉಳ್ಳ ಮನುಷ್ಯರ ಮಾತೆಂಬ ನಿರ್ಣಯಕ್ಕೆ ಬಂದು ಅದನ್ನು ಬರೆದು ಪ್ರಕಟಿಸಿದಳು. ಆ ವರ್ಷಗಳಲ್ಲಿ ಸಭೆಯವರು ‘ನೆಹಾಮ’ ಎಂಬ ಹೆಸರಿನಲ್ಲಿ ಏಡ್ಸ್ ಪೀಡಿತರಿಗಾಗಿ ಒಂದು ಸೇವಾಕಾರ್ಯವನ್ನು ಆರಂಭಿಸಿದರು. ನೆಹಾಮ ಎಂದರೆ ಸಾಂತ್ವನ.

ಹತ್ತರ ಎಣಿಕೆಯ ಅರ್ಥ ಪೂರ್ತಿಯಾಗಿ ಬಿಚ್ಚಿಕೊಳ್ಳುವುದು ಇಲ್ಲಿ. ಕದ್ದಿಷ್ ಪ್ರಾರ್ಥನೆಯಲ್ಲಿ ಸಾವು ಎಂಬ ಮಾತೇ ಬರುವುದಿಲ್ಲ. ಅದು ಮೊದಲಿನಿಂದ ಕೊನೆಯವರೆಗೆ ದೇವರ ಸ್ತುತಿ. ದುಃಖದಲ್ಲಿ ಕುಸಿದವನು ಎದ್ದುನಿಂತು ಸ್ತುತಿಸಬೇಕಾದರೆ ಸುತ್ತಲಿನವರು ಅವನಿಗೆ ದನಿಗೂಡಿಸಬೇಕು. ಸತ್ತವನ ಮನೆಯವರು ಬರದಿದ್ದರೆ, ಅವನಿಗಾಗಿ ಕದ್ದಿಷ್ ಹೇಳುವವರು ಯಾರು? ಸಂಗಾತಿಯ ಪಕ್ಕದಲ್ಲಿ ನಿಲ್ಲುವ ಒಂಬತ್ತು ಮಂದಿ ಎಲ್ಲಿಂದ ಬರಬೇಕು? ಹತ್ತು ವರ್ಷಗಳ ಹಿಂದೆ ನಾಲ್ವರು ಮಾತಾಡಿ ಹುಟ್ಟಿಸಿದ ಸಭೆ ಇಲ್ಲದೆ ಹೋಗಿದ್ದರೆ, ಆ ಪ್ರಶ್ನೆಗೆ ಉತ್ತರ ಇರುತ್ತಿರಲಿಲ್ಲ. ಫ್ರೀಹಾಫನ ತೀರ್ಪು ನಿಂತಿದ್ದರೆ ಎಷ್ಟು ಸಾವುಗಳು ಪ್ರಾರ್ಥನೆಯಿಲ್ಲದೆ ಹೋಗುತ್ತಿದ್ದವೋ!

ಮುಂದಿನದು ಬದಲಾವಣೆಯ ಚರಿತ್ರೆ. ಒಕ್ಕೂಟವು 1987ರಲ್ಲಿ ಸಲಿಂಗಪ್ರೇಮಿಗಳನ್ನು ಎಲ್ಲ ಸಭೆಗಳೂ ಸ್ವಾಗತಿಸಬೇಕೆಂಬ ನಿರ್ಣಯ ಮಾಡಿತು. ರಬ್ಬಿಗಳ ಸಮ್ಮೇಳನ 1990ರಲ್ಲಿ ಅಂಥವರೂ ರಬ್ಬಿಗಳಾಗಬಹುದೆಂಬ ವರದಿಯನ್ನು ಒಪ್ಪಿತು. 2000ದಲ್ಲಿ, ಅವರ ವಿವಾಹಸಂಸ್ಕಾರ ಮಾಡಿಸುವ ರಬ್ಬಿಗಳನ್ನು ಬೆಂಬಲಿಸಿತು. ಮಧ್ಯಮಮಾರ್ಗದ ಕನ್ಸರ್ವೇಟಿವ್ ಪಂಥ 2006ರಲ್ಲಿ ಬಾಗಿಲು ತೆರೆಯಿತು. ಸನಾತನಿಗಳಾದ ಆರ್ಥೊಡಾಕ್ಸ್ ಯೆಹೂದ್ಯರಲ್ಲಿ ಶಾಸ್ತ್ರದ ನಿಷೇಧ ಇಂದಿಗೂ ಹಾಗೆಯೇ ಇದೆ. 2015ರ ಜೂನ್ 26ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಸಲಿಂಗವಿವಾಹದ ಹಕ್ಕನ್ನು ದೇಶದಾದ್ಯಂತ ಎತ್ತಿಹಿಡಿಯಿತು.

ಈ ನಡುವೆ ನಡೆದ ಎರಡು ಸಂಗತಿಗಳನ್ನು ಬೇರೆಯಾಗಿ ಹೇಳಬೇಕು. ಸುಧಾರಣಾ ರಬ್ಬಿಗಳ ಸಮ್ಮೇಳನಕ್ಕೆ 2003ರಲ್ಲಿ ಮೊತ್ತಮೊದಲ ಬಾರಿಗೆ ಮಹಿಳೆಯೊಬ್ಬಳು ಅಧ್ಯಕ್ಷೆಯಾದಳು. ಆಕೆ ಜಾನೆಟ್ ಮಾರ್ಡರ್. 2015ರಲ್ಲಿ ಮೊತ್ತಮೊದಲ ಬಾರಿಗೆ ತಾನು ಸಲಿಂಗಪ್ರೇಮಿಯೆಂದು ಬಹಿರಂಗವಾಗಿ ಹೇಳಿಕೊಂಡ ರಬ್ಬಿಯೊಬ್ಬಳು ಅದೇ ಪೀಠಕ್ಕೆ ಬಂದಳು. ಆಕೆ ಡೆನಿಸ್ ಈಗರ್, ಮಾರ್ಡರಳ ನಂತರ 1988ರಿಂದ 1992ರವರೆಗೆ ಅದೇ ಸಭೆಯಲ್ಲಿ ಸೇವೆ ಮಾಡಿದವಳು. ಇಂಥವರಿಗೆ ಪ್ರತ್ಯೇಕ ಸಭೆ ಕೂಡದೆಂಬ ಮಾತು ಯಾವ ರಬ್ಬಿಗಳ ನಡುವೆ ಹುಟ್ಟಿತ್ತೋ, ಆ ರಬ್ಬಿಗಳ ಸಮ್ಮೇಳನವನ್ನು ಆ ಪ್ರತ್ಯೇಕ ಸಭೆಯಲ್ಲಿ ಪಳಗಿದ ಇಬ್ಬರು ಮುನ್ನಡೆಸಿದರು.

ಈಗ ಹಳೆಯ ಪ್ರಶ್ನೆ ಹೊಸ ರೂಪದಲ್ಲಿ ಎದುರಾಗಿದೆ. ಎಲ್ಲ ಬಾಗಿಲುಗಳೂ ತೆರೆದ ಮೇಲೆ ಬೇರೆ ಮನೆಯೇಕೆ? ಫಿಲಡೆಲ್ಫಿಯದ ಒಲವಿನ ಮನೆ ಅಲ್ಲಿಯ ಒಂದು ಹಳೆಯ ದೊಡ್ಡ ಮಂದಿರದಲ್ಲಿ ಸೇರಿಹೋಯಿತು. ಲಾಸ್ ಏಂಜಲಿಸಿನವರು 2011ರಲ್ಲಿ ಅದೇ ಹೆದ್ದಾರಿಯ ಮೇಲೆ ಹೊಸ ಕಟ್ಟಡಕ್ಕೆ ಹೋದರು. 2022ರಲ್ಲಿ ಅವರ ಸಭೆಗೆ ಐವತ್ತು ತುಂಬಿತು. ಎರಡೂ ದಾರಿಗಳಿಗೆ ಅರ್ಥವಿದೆ. ಎಲ್ಲರೂ ಒಂದೇ ಮನೆಯಲ್ಲಿರಲಿ ಎಂದ ಫ್ರೀಹಾಫನ ಆಸೆ ತಪ್ಪಾಗಿರಲಿಲ್ಲ. ಆದರೆ ಆ ದೊಡ್ಡ ಮನೆಯ ಬಾಗಿಲು ತೆರೆದದ್ದು, ಬಾಗಿಲಾಚೆಯವರು ಮೊದಲು ತಮ್ಮ ಚಿಕ್ಕ ಮನೆಯನ್ನು ಕಟ್ಟಿಕೊಂಡು, ಅಲ್ಲಿ ಹಳೆಯ ಪ್ರಾರ್ಥನೆಯನ್ನೇ ಹೇಳಿ, ಹಳೆಯ ಗ್ರಂಥವನ್ನೇ ಓದಿ, ತಮ್ಮ ಸತ್ತವರನ್ನು ತಾವೇ ಸ್ಮರಿಸಿ ತೋರಿಸಿದ ಮೇಲೆ.

ಖೊತ್ಯೆಬೋರ್ಶಿನಿಂದ ಬಂದ ಆ ಸುರುಳಿ ಎರವಲಿನದು. ಓದುವ ಸಭೆ ಇರುವವರೆಗೆ ಮಾತ್ರ ಅದು ಅವರಲ್ಲಿರುತ್ತದೆ. ಲೇವಿಕಾಂಡದ ಆ ಎರಡು ಅಧ್ಯಾಯಗಳು ಬರುವ ಭಾಗವನ್ನು ಪ್ರತಿ ವರ್ಷವೂ ವಸಂತದಲ್ಲಿ ಓದುವ ಕ್ರಮವಿದೆ. ಅದರಲ್ಲಿ ಒಂದಕ್ಷರವನ್ನೂ ಅಳಿಸುವಂತಿಲ್ಲ. ಅದನ್ನು ಕೇಳುವವರು ಯಾರು, ಎಷ್ಟು ಮಂದಿ, ಯಾರ ಪಕ್ಕದಲ್ಲಿ ಯಾರು ನಿಂತಿದ್ದಾರೆ ಎಂಬುದಷ್ಟೇ ಈ ಐವತ್ತು ವರ್ಷಗಳಲ್ಲಿ ಬದಲಾಗಿದೆ.